ಡೊನಾ ಯಾರ ಮಗಳು?

ಸೂಪರ್‌ಮ್ಯಾನ್ ಸಿಡಿದುಹೋದ ಗ್ರಹದಿಂದ ಬಂದವನು. ಬ್ಯಾಟ್‌ಮ್ಯಾನ್ ಕಣ್ಣೆದುರೇ ಅಪ್ಪ ಅಮ್ಮನನ್ನು ಕಳೆದುಕೊಂಡವನು. ಅವರ ಕತೆ ಒಂದೊಂದು ವಾಕ್ಯಕ್ಕೆ ಮುಗಿಯುತ್ತದೆ. ನನಗೆ ಪ್ರೀತಿ ಇರುವುದು ಹಾಗೆ ಮುಗಿಯದ ಒಬ್ಬಳ ಮೇಲೆ. ಅವಳು ಡೊನಾ ಟ್ರಾಯ್, ಡಿಸಿ ಕಾಮಿಕ್ಸ್‌ನ 'ವಂಡರ್ ಗರ್ಲ್'.

ಅವಳು ಹುಟ್ಟಿದ್ದೇ ಗೊಂದಲದಲ್ಲಿ. ಐವತ್ತರ ದಶಕದ ಕೊನೆಗೆ ಬಂದ ವಂಡರ್ ಗರ್ಲ್ ಬೇರೆ ಯಾರೂ ಅಲ್ಲ, ವಂಡರ್ ವುಮನ್‌ಳ ಬಾಲ್ಯರೂಪ. 1965ರಲ್ಲಿ ಹದಿಹರೆಯದ ನಾಯಕರ 'ಟೀನ್ ಟೈಟನ್ಸ್' ತಂಡಕ್ಕೆ ಒಬ್ಬ ಹುಡುಗಿ ಬೇಕಾದಾಗ ಈ ಬಾಲ್ಯರೂಪವನ್ನೇ ತಂದು ನಿಲ್ಲಿಸಿದರು. ಕೃಷ್ಣನೂ ಬಾಲಕೃಷ್ಣನೂ ಒಟ್ಟಿಗೇ ಕುರುಕ್ಷೇತ್ರಕ್ಕೆ ಹೋದ ಹಾಗಾಯಿತು! ಹಾಗಾದರೆ ಈ ಹುಡುಗಿ ಯಾರು? 1969ರಲ್ಲಿ ಮಾರ್ವ್ ವುಲ್ಫ್‌ಮನ್ ಉತ್ತರ ಬರೆದ: ಬೆಂಕಿ ಬಿದ್ದ ಕಟ್ಟಡದಿಂದ ವಂಡರ್ ವುಮನ್ ಎತ್ತಿಕೊಂಡು ಬಂದ ಅನಾಥ ಮಗು. ಡೊನಾ ಎಂಬ ಹೆಸರು ಬಂದದ್ದೂ ಆಗಲೇ.

1984ರಲ್ಲಿ ಅದೇ ವುಲ್ಫ್‌ಮನ್, ಚಿತ್ರಕಾರ ಜಾರ್ಜ್ ಪೆರೆಜ್ ಜೊತೆ ಸೇರಿ 'ಹೂ ಈಸ್ ಡೊನಾ ಟ್ರಾಯ್?' ಮಾಡಿದ. ನಾನು ಅತಿ ಹೆಚ್ಚು ಸಲ ಓದಿದ ಕಾಮಿಕ್ ಅದು. ಅದರಲ್ಲಿ ಹೊಡೆದಾಟ ಇಲ್ಲ, ಖಳನಾಯಕನೂ ಇಲ್ಲ. ಗೆಳತಿಯ ಮದುವೆ ಹತ್ತಿರ ಬಂದಿದೆ, ಡಿಕ್ ಗ್ರೇಸನ್ ಅಂದರೆ ರಾಬಿನ್, ಅವಳ ಹುಟ್ಟನ್ನು ಹುಡುಕಿಕೊಂಡು ಹೊರಡುತ್ತಾನೆ. ಒಂದು ಹಳೆಯ ಗೊಂಬೆ, ಕೆಲವು ಕಾಗದಪತ್ರ, ಕೆಲವು ಮುದುಕರ ನೆನಪು, ಅವನ ಕೈಲಿರುವುದು ಇಷ್ಟೇ. ಹೆತ್ತವಳು ಮದುವೆಯಾಗದ ಎಳೆಯ ಹುಡುಗಿ, ತೀರಿಕೊಂಡಿದ್ದಾಳೆ. ಸಾಕಿದ ತಾಯಿ ಫೇ, ಗಂಡ ಸತ್ತ ಮೇಲೆ ಸಾಕಲಾರದೆ ಮಗುವನ್ನು ಬಿಟ್ಟುಕೊಟ್ಟವಳು. ಆಕೆ ಇನ್ನೂ ಇದ್ದಾಳೆ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ 1987ರಲ್ಲಿ ವಂಡರ್ ವುಮನ್ ಕತೆಯನ್ನೇ ಹೊಸದಾಗಿ ಶುರುಮಾಡಿದರು. ಆಕೆ ಈಗಷ್ಟೇ ನಮ್ಮ ಲೋಕಕ್ಕೆ ಕಾಲಿಟ್ಟವಳು ಎಂದಾದ ಮೇಲೆ ವರ್ಷಗಳ ಹಿಂದೆ ಬೆಂಕಿಯಿಂದ ಮಗುವನ್ನು ಎತ್ತಿದ್ದು ಯಾರು? ಗ್ರೀಕ್ ಪುರಾಣದ ಟೈಟನ್‌ಗಳು ಎಂದರು. ತೊಂಬತ್ತರ ದಶಕದಲ್ಲಿ ಜಾನ್ ಬರ್ನ್, ಅವಳು ರಾಜಕುಮಾರಿ ಡಯಾನಾಗೆ ಆಟಕ್ಕೆಂದು ಮಂತ್ರದಿಂದ ಮಾಡಿಕೊಟ್ಟ ಪ್ರತಿಬಿಂಬ ಎಂದ. 2003ರಲ್ಲಿ ಸಾಯಿಸಿ 2005ರಲ್ಲಿ ಬದುಕಿಸಿದರು. ಇನ್ನೂ ಮುಂದೆ ವಂಡರ್ ವುಮನ್‌ಳನ್ನು ಮುಗಿಸಲು ಮಣ್ಣಿನಿಂದ ಮಾಡಿದ ಆಯುಧ ಎಂದರು. ಅದು ನನಗೆ ಸುತರಾಂ ಹಿಡಿಸಲಿಲ್ಲ. ಪ್ರತಿಬಿಂಬವನ್ನಾದರೂ ಸಹಿಸಿಕೊಳ್ಳಬಹುದು, ಆಯುಧ ಎಂದರೆ ಅವಳು ಡೊನಾ ಅಲ್ಲವೇ ಅಲ್ಲ.

ಈ ಸಿಕ್ಕು ನೋಡಿ ನಗುವ ಗೆಳೆಯರಿದ್ದಾರೆ. ನನಗೆ ನಗು ಬರುವುದಿಲ್ಲ. ನಾನು ಮೂರು ವರ್ಷದವಳಿದ್ದಾಗಿನಿಂದ ತೀರ್ಥಹಳ್ಳಿಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು. ಯಾಕೆ ಎಂಬುದಕ್ಕೆ ನಮ್ಮ ಕಡೆಯೂ ಒಬ್ಬೊಬ್ಬರದು ಒಂದೊಂದು ಕತೆ. ಅಮ್ಮನಿಗೆ ಆಗ ಹುಷಾರಿರಲಿಲ್ಲ ಎನ್ನುತ್ತಾರೆ ಅತ್ತೆ. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲವಲ್ಲ ಎನ್ನುತ್ತಾರೆ ಮಾವ. ಶಾಲೆ ಹತ್ತಿರ ಎಂದು ಕಳಿಸಿದ್ದು ಎನ್ನುತ್ತಾರೆ ಅಪ್ಪ. ಯಾವುದೂ ಸುಳ್ಳಿರಲಾರದು. ಮದುವೆಮನೆಗಳಲ್ಲಿ ಮಾತ್ರ 'ನೀನು ಯಾರ ಮಗಳೇ?' ಎಂದು ಯಾರಾದರೂ ಕೇಳಿದಾಗ, ಉತ್ತರಕ್ಕೆ ಎರಡು ಕ್ಷಣ ಹೆಚ್ಚು ಬೇಕಾಗುತ್ತದೆ.

ಡೊನಾಳಲ್ಲಿ ನಾನು ಕಂಡದ್ದು ಆ ಎರಡು ಕ್ಷಣವನ್ನು. ಹುಟ್ಟಿನ ಕತೆ ಎಷ್ಟು ಸಲ ಬದಲಾದರೂ ಅವಳ ಸ್ವಭಾವ ಹೆಚ್ಚು ಬದಲಾಗಲಿಲ್ಲ ಎಂಬುದು ಸೋಜಿಗ. ಫೋಟೋಗ್ರಾಫರ್ ಕೆಲಸ, ಡಿಕ್‌ನ ಸ್ನೇಹ, ತಂಡದಲ್ಲಿ ಯಾರು ಕುಸಿದರೂ ಪಕ್ಕದಲ್ಲಿ ಹೋಗಿ ಕೂರುವ ಗುಣ. ಇವುಗಳನ್ನು ಅಳಿಸುವ ಮನಸ್ಸು ಬರೆಯುವವರಿಗೆ ಬರಲಿಲ್ಲವೋ, ಪುರುಸೊತ್ತಾಗಲಿಲ್ಲವೋ!

ಕಳೆದ ಬೇಸಿಗೆಯಲ್ಲಿ ದೊಡ್ಡಮ್ಮನಿಗೆ 1984ರ ಆ ಸಂಚಿಕೆ ತೋರಿಸಿದೆ. ಫೇ ಮತ್ತು ಡೊನಾ ಮತ್ತೆ ಭೇಟಿಯಾಗುವ ಪುಟ. ಕತೆ ಹೇಳಿದೆ. ಡೊನಾಳನ್ನು ಅವರು ಅಷ್ಟಾಗಿ ನೋಡಲಿಲ್ಲ. ಫೇಯ ಮುಖದ ಮೇಲೆ ಬೆರಳಿಟ್ಟು, 'ಪಾಪ, ಮಗು ಕೊಡುವಾಗ ಎಷ್ಟು ಅತ್ತಿತ್ತೋ ಏನೋ' ಎಂದರು. ಆಮೇಲೆ ಸ್ವಲ್ಪ ತಡೆದು, 'ನಿನ್ನಮ್ಮನೂ ಬಸ್‌ಸ್ಟ್ಯಾಂಡ್ ತನಕ ಬಂದಿರಲಿಲ್ಲ ಆವತ್ತು' ಎಂದು ಹೇಳಿ, ಹಾಲು ಉಕ್ಕುತ್ತದೆಂದು ಒಳಗೆ ಹೋದರು.