ಡಾಬಿನ ಅಳತೆ

ಬಡಗುತಿಟ್ಟಿನ ಯಕ್ಷಗಾನ ವೇಷ ರಂಗಕ್ಕೆ ಬಂದರೆ ಕಣ್ಣು ಮೊದಲು ಹೋಗುವುದು ಮುಂಡಾಸಿಗೆ, ಕೇದಗೆ ಮುಂದಲೆಗೆ. ಆಮೇಲೆ ಭುಜಕೀರ್ತಿ, ಎದೆಕಟ್ಟು. ಸೊಂಟದ ಡಾಬನ್ನು ಗಮನಿಸುವವರು ಕಡಿಮೆ. ಆದರೆ ಚೌಕಿಯಲ್ಲಿ ಕೂತು ವೇಷ ಕಟ್ಟುವುದನ್ನು ಕಂಡವರಿಗೆ ಗೊತ್ತು: ಕೆಂಪು ಹಳದಿ ಚೌಕುಳಿಯ ಕಸೆ ಸೀರೆ, ಅದರೊಳಗಿನ ದಪ್ಪ ಕಟ್ಟು, ಮೇಲಿನ ಅಂಗಿ, ಎಲ್ಲ ಬಂದು ಸೇರುವುದು ಸೊಂಟದಲ್ಲೇ. ಅಲ್ಲಿ ಸಡಿಲವಾದರೆ ಕರ್ಣನ ಗತ್ತೂ ಇಲ್ಲ, ಅರ್ಜುನನ ಠೀವಿಯೂ ಇಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಟಕ್ಕೇನೂ ಬರ ಬಂದಿಲ್ಲ. ಮಂದಾರ್ತಿಯೊಂದರಿಂದಲೇ ಐದು ಮೇಳಗಳು ಹೊರಡುತ್ತವೆ. ಮಾರಣಕಟ್ಟೆ, ಸೌಕೂರು, ಕಮಲಶಿಲೆಯ ಮೇಳಗಳೂ ತಿರುಗಾಟದಲ್ಲಿವೆ. ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಕಾಣೆಯಾಗುತ್ತಿರುವುದು ಕಲಾವಿದನ ಮೈ ನೋಡಿ, ವೇಷ ನೋಡಿ ಡಾಬು ಮಾಡಿಕೊಡುತ್ತಿದ್ದ ಕೈ.

ಮಳೆಗಾಲದಲ್ಲಿ ಮೇಳ ಬಿಟ್ಟು ಕಲಾವಿದರು ಊರಿಗೆ ಬಂದಾಗ ಆ ಕೈಗೆ ಕೆಲಸ. ನಮ್ಮೂರಿನ ಆಚಾರಿಯೊಬ್ಬರ ಜಗಲಿಯಲ್ಲಿ ಕೂತು ನಾನದನ್ನು ನೋಡಿದ್ದೇನೆ. ಹಗುರ ಮರದ ತುಂಡುಗಳನ್ನು ತೆಳ್ಳಗೆ ಕೆತ್ತಿ, ಉಜ್ಜಿ, ಮೇಲೆ ಬಂಗಾರದ ಬಣ್ಣದ ಬೇಗಡೆ ಅಂಟಿಸುತ್ತಿದ್ದರು. ಬೇಗಡೆ ಸುಕ್ಕಾಗಬಾರದು; ಹೆಬ್ಬೆರಳಿನ ಉಗುರಿನಿಂದ ಕೆತ್ತನೆಯ ಸಂದಿಸಂದಿಗೂ ತೀಡಿ ಕೂರಿಸಬೇಕು. ನಡುವೆ ಕನ್ನಡಿ ಚೂರು, ಅಂಚಿಗೆ ಮಣಿ. ಕೊನೆಗೆ ತುಂಡುಗಳನ್ನೆಲ್ಲ ಬಟ್ಟೆಯ ಪಟ್ಟಿಗೆ ಒಂದೊಂದಾಗಿ ಹೊಲಿಯುವುದು. ಹಲಗೆಯ ಹಾಗೆ ಇಡಿಯಾಗಿ ಮಾಡಿದರೆ ಆಗದು. ಕಲಾವಿದ ಮಂಡಿ ಹಾಕಿ ಸುತ್ತುವಾಗ ಅದು ಹೊಟ್ಟೆಗೆ ಒತ್ತುತ್ತದೆ. ಹೊಲಿಗೆಯ ಸಂದಿ ಎಷ್ಟಿರಬೇಕೆಂದು ನೋಡಲು ಕಲಾವಿದನನ್ನೇ ಅಂಗಳಕ್ಕಿಳಿಸಿ ಕುಣಿಸುತ್ತಿದ್ದರು. “ಹ್ವಾಯ್, ಇನ್ನೊಂಚೂರ್ ಬಿಗಿ ಮಾಡಿ” ಅಂತ ಕಲಾವಿದರು, “ಬಿಗಿ ಆದ್ರೆ ಉಸ್ರ್ ಎಲ್ಲಿಂದ?” ಅಂತ ಆಚಾರಿ. ಹಾರಾಡಿ ತಿಟ್ಟು, ಮಟಪಾಡಿ ತಿಟ್ಟು ಎಂದು ಕುಣಿತದಲ್ಲೇ ಎರಡು ದಾರಿ ಹುಟ್ಟಿದ ಸೀಮೆ ಇದು. ಕುಣಿಯುವವನ ಹೆಜ್ಜೆ ತಿಳಿಯದೆ ಅವನ ಸೊಂಟಕ್ಕೆ ಏನನ್ನಾದರೂ ಕಟ್ಟುವುದು ಹೇಗೆ?

ಆ ಬೇಗಡೆ, ಆ ಕನ್ನಡಿ ಹುಟ್ಟಿದ್ದು ದೊಂದಿಯ ಬೆಳಕಿಗಾಗಿ. ಉರಿ ಅಲುಗಿದಂತೆಲ್ಲ ಕನ್ನಡಿ ಒಮ್ಮೆ ಹೊಳೆದು ಒಮ್ಮೆ ಮಂಕಾಗಿ, ನಿಂತ ವೇಷಕ್ಕೂ ಚಲನೆ ಕೊಡುತ್ತಿತ್ತು. ಗ್ಯಾಸ್‌ಲೈಟು ಬಂದಾಗಲೂ ಅಷ್ಟಿಷ್ಟು ಉಳಿಯಿತು. ಈಗಿನ ಬಿಳಿ ಬೆಳಕಿನಲ್ಲಿ ಮರದ ಡಾಬು, ಪ್ಲಾಸ್ಟಿಕ್ ಕಲ್ಲಿನ ಡಾಬು ಎರಡೂ ದೂರಕ್ಕೆ ಒಂದೇ. ಹಾಗಿದ್ದ ಮೇಲೆ ವಾರಗಟ್ಟಲೆ ಬೇಗಡೆ ತೀಡುವವರಿಗೆ ಕೂಲಿ ಕೊಡುವವರು ಯಾರು? ಶಾಲೆಯ ವಾರ್ಷಿಕೋತ್ಸವಕ್ಕೆ, ಹವ್ಯಾಸಿ ತಂಡಗಳಿಗೆ ವೇಷಭೂಷಣ ಬಾಡಿಗೆಗೆ ಬರುತ್ತದೆ. ಎಂಟು ವರ್ಷದ ಬಭ್ರುವಾಹನನಿಗೂ ಎಂಬತ್ತು ಕಿಲೋದ ಭೀಮನಿಗೂ ಒಂದೇ ಡಾಬು. ಉದ್ದವಾದರೆ ಹಿಂದೆ ಒಂದು ಪಿನ್ನು. ಬಾಡಿಗೆ ಸಿಗದಿದ್ದರೆ ಎಷ್ಟೋ ಮಕ್ಕಳು ಗೆಜ್ಜೆಯನ್ನೇ ಕಟ್ಟುತ್ತಿರಲಿಲ್ಲ, ನಿಜ. ಆದರೂ ಆ ಪಿನ್ನು ಕಂಡಾಗೆಲ್ಲ ಕಸಿವಿಸಿಯಾಗುತ್ತದೆ.

ಕೋಟದ ಶಿವರಾಮ ಕಾರಂತರು ಈ ಆಭರಣಗಳನ್ನು ಬರೀ ಅಲಂಕಾರವೆಂದು ನೋಡಿದವರಲ್ಲ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ದಲ್ಲಿ ಅವರು ವೇಷಭೂಷಣದ ಬಗ್ಗೆಯೂ ಬರೆದರು. ಇನ್ನು ಕೊಗ್ಗ ಕಾಮತರು ದೇಶವಿದೇಶ ಸುತ್ತಿಸಿದ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನೇ ನೋಡಿ. ಅವಕ್ಕೂ ಬಡಗುತಿಟ್ಟಿನದೇ ವೇಷ. ಅಷ್ಟು ಸಣ್ಣ ಸೊಂಟಕ್ಕೆ ಯಾವ ಅಂಗಡಿಯಲ್ಲೂ ಬಾಡಿಗೆ ಡಾಬು ಸಿಗದು. ಅಳತೆ ತೆಗೆದೇ ಮಾಡಬೇಕು. ಗೊಂಬೆಗೆ ದಕ್ಕುವ ಈ ಮರ್ಯಾದೆ ಮನುಷ್ಯನಿಗೆ ತಪ್ಪುತ್ತಿದೆ.

ಉಡುಪಿಯಲ್ಲಿ 1971ರಿಂದ ಯಕ್ಷಗಾನ ಕೇಂದ್ರವಿದೆ. ಹೆಜ್ಜೆ, ಚಂಡೆ, ಮದ್ದಳೆ ಕಲಿಯಬೇಕೆಂಬ ಮಾಣಿಗೆ ಇವತ್ತಿಗೂ ಗುರುಗಳು ಸಿಗುತ್ತಾರೆ. ಡಾಬು ಕಟ್ಟಲು ಕಲಿಯಬೇಕೆಂದರೆ ಯಾವ ಜಗಲಿಗೆ ಹೋಗಬೇಕೆಂದು ನನಗೂ ಹೇಳಲು ತಿಳಿಯದು. ಕಲಿತರೂ ಹೊಟ್ಟೆ ತುಂಬೀತೆಂಬ ಧೈರ್ಯವಿಲ್ಲ. ಹರಕೆ ಆಟಕ್ಕೆ, ಬಂದವರ ಊಟಕ್ಕೆ ನಾವು ಕೈ ಹಿಡಿಯದೆ ಖರ್ಚು ಮಾಡುತ್ತೇವೆ. ಊರಿನವರ ಕೈಯಿಂದಲೇ ಒಂದು ಜೊತೆ ಮರದ ಆಭರಣ ಮಾಡಿಸಿ ಮೇಳಕ್ಕೆ ಒಪ್ಪಿಸುತ್ತೇನೆಂದೂ ಹರಕೆ ಹೊರಬಹುದಲ್ಲ? ದೇವರೇನೂ ಬೇಡ ಅನ್ನಲಿಕ್ಕಿಲ್ಲ.