ನೆಲವೂ ಬೆವರುತ್ತದೆ

ಮಕ್ಕಳೇ, ಒಂದು ಸಣ್ಣ ಪ್ರಶ್ನೆ. ನಿಮ್ಮ ಮನೆಯ ನೆಲ ಯಾವುದರದ್ದು? ಗೋಡೆಯ ಬಣ್ಣ ಯಾವುದೆಂದರೆ ಥಟ್ಟನೆ ಹೇಳುತ್ತೀರಿ. ಟಿವಿ ಎಷ್ಟು ಇಂಚಿನದು ಎಂದರೂ ಹೇಳುತ್ತೀರಿ. ದಿನವಿಡೀ ಕಾಲಡಿಯಲ್ಲೇ ಇರುವ ನೆಲದ ಬಗ್ಗೆ ಕೇಳಿದರೆ ಮಾತ್ರ ಒಮ್ಮೆ ಬಗ್ಗಿ ನೋಡುತ್ತೀರಿ. ಅಜ್ಜ ಅಜ್ಜಿಯರು ಹಾಗಲ್ಲ. ಎಪ್ಪತ್ತು ದಾಟಿದ ಮೇಲೆ ನಾವು ನೆಲ ನೋಡಿಕೊಂಡೇ ನಡೆಯುವವರು.

ಬೆಂಗಳೂರಿನ ಲಿಂಗರಾಜಪುರದಲ್ಲಿರುವ ನಮ್ಮ ಮನೆಯನ್ನು ನಮ್ಮ ತಂದೆ 1961ರಲ್ಲಿ ಕಟ್ಟಿಸಿದರು. ಆಗ ಇಲ್ಲಿ ರೈಲು ಹಳಿಯ ಮೇಲಿನ ಫ್ಲೈಓವರ್ ಇರಲಿಲ್ಲ. ಹಳಿ ದಾಟಿಯೇ ಕಾಕ್ಸ್ ಟೌನ್ ಕಡೆಗೆ ಹೋಗಬೇಕಿತ್ತು. ನಮ್ಮ ಮನೆಗೆ ಹಾಕಿದ್ದು ಕೆಂಪು ಗಾರೆ ನೆಲ. ರೆಡ್ ಆಕ್ಸೈಡ್ ನೆಲ ಎಂದರೆ ಹಿರಿಯರಿಗೆಲ್ಲ ಗೊತ್ತು. ದಂಡು ಪ್ರದೇಶದ ಹಳೆಯ ಮನೆಗಳಲ್ಲಿ, ಬಸವನಗುಡಿ, ಮಲ್ಲೇಶ್ವರಗಳಲ್ಲಿ, ಅತ್ತ ಮಂಗಳೂರು, ಉಡುಪಿಗಳಲ್ಲೂ ಇಂಥದೇ ನೆಲ.

ಅದನ್ನು ಮಾಡುವುದನ್ನು ನಾನು ಹುಡುಗನಾಗಿ ಕಿಟಕಿಯ ಸರಳು ಹಿಡಿದು ನೋಡಿದ್ದೇನೆ. ಮೊದಲು ಮಣ್ಣನ್ನು ದಮ್ಮಸ್ಸು ಮಾಡಿ ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಹಾಕಿದರು. ಆಮೇಲೆ ಸಿಮೆಂಟು. ಕೊನೆಯಲ್ಲಿ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ತೆಳುವಾದ ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿ, ನೀರು ಕಲಸಿ ಹರಡಿದರು. ಆ ಕೆಂಪು ಪುಡಿ ಏನು ಗೊತ್ತೆ? ಕಬ್ಬಿಣದ ಆಕ್ಸೈಡ್. ಮಳೆಯಲ್ಲಿ ಬಿಟ್ಟ ಸೈಕಲ್ಲಿಗೆ ಹಿಡಿಯುವ ತುಕ್ಕಿನ ಬಳಗದ್ದೇ. ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು. ನಾಳೆಗೆಂದು ಅರ್ಧ ಬಿಟ್ಟರೆ ಅಲ್ಲೊಂದು ಗೆರೆ ಶಾಶ್ವತವಾಗಿ ಉಳಿಯುತ್ತದೆ. ಮೇಸ್ತ್ರಿ ಒಳಗಿನ ಮೂಲೆಯಿಂದ ಶುರುಮಾಡಿ, ಕುಕ್ಕರಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತಾ, ಕರಣೆಯಿಂದ ಉಜ್ಜಿ ಉಜ್ಜಿ ಬಾಗಿಲಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಆ ರಾತ್ರಿ ಬೆಕ್ಕೊಂದು ಒಳಗೆ ಹೋಗಿ ಬಂದಿತು. ಅದರ ನಾಲ್ಕು ಹೆಜ್ಜೆ ಗುರುತು ಹಜಾರದ ಕಿಟಕಿ ಪಕ್ಕ ಇವತ್ತಿಗೂ ಇವೆ.

ಮರುದಿನದಿಂದ ನೆಲದ ಮೇಲೆ ನೀರು ಕಟ್ಟಿ ನಿಲ್ಲಿಸಿದರು. ಸಿಮೆಂಟು ಬರೀ ಒಣಗಿ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ನೀರು ಕುಡಿದು ಗಟ್ಟಿಯಾಗುತ್ತದೆ. ನೀರಿನೊಂದಿಗೆ ಸೇರಿ ಹೊಸ ವಸ್ತುವೇ ಆಗುತ್ತದೆ. ಬೇಗ ಒಣಗಿದರೆ ಬಿರುಕು ಬಿಡುತ್ತದೆ.

ಹೋದ ವರ್ಷ ಮಳೆಗಾಲದಲ್ಲಿ ಈ ನೆಲವನ್ನೇ ಒಡೆಯುವ ಮಾತು ಬಂತು. ಹಿಂದಿನ ಕೋಣೆಯ ನೆಲ ಸದಾ ಒದ್ದೆ. ಚಾಪೆ ಹಾಸಿದರೆ ಅಡಿಯಲ್ಲಿ ಬೂಷ್ಟು. ನನ್ನ ಮಗ, "ಅಪ್ಪಾ, ಇಡೀ ಮನೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿಬಿಡೋಣ, ಒಂದೇ ಸಲಕ್ಕೆ ಮುಗಿಯುತ್ತೆ" ಅಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಆದರೆ ನನ್ನ ಹೆಂಡತಿಗೆ ಟೈಲ್ಸ್ ಎಂದರೆ ಭಯ. ನೆಂಟರ ಮನೆಯೊಂದರಲ್ಲಿ ಆಗತಾನೇ ಒರೆಸಿದ ಟೈಲ್ಸ್ ಮೇಲೆ ಜಾರಿ ಬಿದ್ದು, ಮಣಿಕಟ್ಟು ಮುರಿದು, ಆರು ವಾರ ಪ್ಲಾಸ್ಟರ್ ಹಾಕಿಕೊಂಡವಳು. "ನೋಡಪ್ಪಾ, ನಿನ್ನ ಟೈಲ್ಸ್ ಮೇಲೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆ ತಬ್ಬಿಕೊಂಡು ನಡೀಬೇಕು" ಎಂದಳು.

ಎಂಟನೇ ತರಗತಿಯ ಮೊಮ್ಮಗಳು ಕೇಳಿದ ಪ್ರಶ್ನೆಯೇ ಸರಿಯಾಗಿತ್ತು. "ತಾತಾ, ಆ ನೀರು ಬರೋದು ಎಲ್ಲಿಂದ?"

ಬ್ಯಾಂಕಿನ ಕೆಲಸದಲ್ಲಿ ನಾನು ನಾಲ್ಕು ವರ್ಷ ಮಂಗಳೂರಿನಲ್ಲಿದ್ದೆ. ಅಲ್ಲಿ ಒಂದೆರಡು ಮಳೆ ಬಿದ್ದು ನೆಲ ತಣ್ಣಗಾಗಿ, ಮತ್ತೆ ಸೆಖೆ ಏರಿದ ದಿನ ನೆಲ ತಾನೇ ಬೆವರುತ್ತಿತ್ತು. ಯಾರೂ ನೀರು ಚೆಲ್ಲಿರುವುದಿಲ್ಲ, ಆದರೂ ಹೆಜ್ಜೆ ಮೂಡುತ್ತದೆ. ಕಾರಣ ಸುಲಭ. ಸ್ಟೀಲ್ ಲೋಟಕ್ಕೆ ಫ್ರಿಜ್ ನೀರು ಹಾಕಿಡಿ. ಹೊರಗಡೆ ಹನಿಗಳು ಕೂರುತ್ತವೆ. ಗಾಳಿಯಲ್ಲಿದ್ದ ತೇವ ತಣ್ಣನೆಯ ಲೋಟ ಮುಟ್ಟಿ ನೀರಾಯಿತು. ನೆಲವೂ ಹಾಗೆಯೇ. ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ಆರ್ದ್ರತೆ ಶೇಕಡಾ 80 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ನೆಲವಾದರೂ ಬೆವರುತ್ತದೆ. ಗಾರೆಯಾದರೂ ಸರಿ, ಗ್ರಾನೈಟ್ ಆದರೂ ಸರಿ, ದುಬಾರಿ ಟೈಲ್ಸ್ ಆದರೂ ಸರಿ. ಇದು ಮೇಲಿನ ನೀರು. ಇದಕ್ಕೆ ಫ್ಯಾನು ಹಾಕಬೇಕು. ಸೆಖೆಗಾಳಿ ಒಳಗೆ ನುಗ್ಗುವ ಹೊತ್ತಿನಲ್ಲಿ ಕಿಟಕಿ ಮುಚ್ಚಬೇಕು. ನೆಲ ಬದಲಿಸಿದರೆ ಉಪಯೋಗವಿಲ್ಲ.

ಇನ್ನೊಂದು ಕೆಳಗಿನ ನೀರು. ಮಣ್ಣಿನ ತೇವವನ್ನು ಇಟ್ಟಿಗೆ, ಗಾರೆಗಳು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತವೆ.

ಯಾವುದು ಯಾವ ನೀರು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ನೀರು ಮಣ್ಣಿನಿಂದ ಬರುತ್ತಿದೆ. ಮೇಲುಗಡೆ ಮಾತ್ರ ಕಂಡರೆ ಗಾಳಿಯಿಂದ. ಮೊಮ್ಮಗಳು ಹಜಾರದಲ್ಲೊಂದು, ಹಿಂದಿನ ಕೋಣೆಯಲ್ಲೊಂದು ಅಂಟಿಸಿ, ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು ಬರೆದಿಟ್ಟಳು. ಹಜಾರದ ಹಾಳೆ ಎರಡೂ ಕಡೆ ಒಣಗಿತ್ತು. ಹಿಂದಿನ ಕೋಣೆಯದು ಅಡಿಯಲ್ಲಿ ತೊಟ್ಟಿಕ್ಕುವಷ್ಟು ಒದ್ದೆ. ಮೇಸ್ತ್ರಿ ಹೊರಗೆ ಹೋಗಿ ನೋಡಿ, "ಸಾರ್, ಗಲ್ಲಿ ಎಷ್ಟು ಎತ್ತರ ಆಗಿದೆ ನೋಡಿ. ಹಾಕಿದ್ದರ ಮೇಲೇ ಹಾಕಿ ನಿಮ್ಮ ಕೋಣೆ ಕೆಳಗೆ ಹೋಗಿದೆ. ಮಳೆ ನೀರೆಲ್ಲ ಗೋಡೆ ಬುಡದಲ್ಲೇ ನಿಲ್ಲುತ್ತೆ" ಎಂದರು. ಮನೆ ಇದ್ದಲ್ಲೇ ಇತ್ತು, ಬೀದಿ ಬೆಳೆದಿತ್ತು!

ಹಾಗಾಗಿ ಹಜಾರದ ಕೆಂಪು ನೆಲ ಒಡೆಯುವ ಮಾತು ಬಿಟ್ಟೆವು. ಅದನ್ನು ಯಂತ್ರದಿಂದ ಉಜ್ಜಿಸಲೂ ಇಲ್ಲ. ಕೆಂಪು ಪದರ ಬಹಳ ತೆಳು, ಉಜ್ಜಿದರೆ ಅಡಿಯ ಬೂದು ಬಣ್ಣ ಎದ್ದುಬಿಡುತ್ತದೆ. ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಮೇಣದ ಪಾಲಿಷ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದೆವು, ಅಷ್ಟೆ.

ಹಿಂದಿನ ಕೋಣೆಯ 110 ಚದರ ಅಡಿ ನೆಲ ಮಾತ್ರ ತೆಗೆಸಿದೆವು. ಮೊದಲು ಹೊರಗೆ ಗೋಡೆ ಬುಡದ ನೀರು ಹರಿದುಹೋಗಲು ಚರಂಡಿ ಮಾಡಿಸಿದೆವು. ಒಳಗೆ ಜಲ್ಲಿ, ಮರಳು ಹಾಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯಂಚಿನವರೆಗೆ ಹರಡಿ, ಮೇಲೆ ನಾಲ್ಕಿಂಚು ಕಾಂಕ್ರೀಟ್. ಏಳು ದಿನ ನೀರು ಕಟ್ಟಿ, ಒಟ್ಟು 28 ದಿನ ಕಾದೆವು. ಆಮೇಲೆ ವಜ್ರದ ಪುಡಿ ಕೂರಿಸಿದ ಚಕ್ರಗಳ ಯಂತ್ರ ಬಂತು. ಮೊದಲು ಒರಟು ಚಕ್ರ, ಆಮೇಲೆ ನಯವಾದದ್ದು, ಮತ್ತೂ ನಯವಾದದ್ದು. ನಡುವೆ ಸಿಲಿಕೇಟ್ ದ್ರಾವಣ ಸುರಿದರು. ಸಿಮೆಂಟಿನಲ್ಲಿ ಮಿಕ್ಕಿರುವ ಸುಣ್ಣದೊಂದಿಗೆ ಅದು ಸೇರಿ ಸಣ್ಣ ಸಣ್ಣ ರಂಧ್ರಗಳನ್ನು ತುಂಬಿ ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ. ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ, ದೊಡ್ಡ ಗೋದಾಮುಗಳಲ್ಲಿ ಕಾಣುವ ಪಾಲಿಷ್ ಕಾಂಕ್ರೀಟ್ ಇದೇ. ಇದರ ಮೇಲೆ ಅಂಟು, ಬಣ್ಣ, ಹಾಸುಗಳ ಪದರವಿಲ್ಲ. ಹಾಗಾಗಿ ತೇವದ ಊರಿನಲ್ಲಿ ಏಳುವುದಕ್ಕೆ, ಉಬ್ಬುವುದಕ್ಕೆ, ಅಡಿಯಲ್ಲಿ ಬೂಷ್ಟು ಕೂರುವುದಕ್ಕೆ ಏನೂ ಇಲ್ಲ.

ಮೊಮ್ಮಗಳು ನೋಡಿ, "ಇದು ಹಜಾರದ ನೆಲದ ತಮ್ಮ, ಕೆಂಪು ಬಣ್ಣ ಹಾಕಿಲ್ಲ ಅಷ್ಟೆ" ಎಂದಳು. ಸರಿಯಾಗಿಯೇ ಹೇಳಿದಳು. ಅಂದು ಮೇಸ್ತ್ರಿಯ ಕೈ ಮಾಡಿದ್ದನ್ನು ಇಂದು ಯಂತ್ರ ಮಾಡುತ್ತದೆ.

ಎರಡು ನೆಲಗಳಿಗೂ ಕೆಲವು ಪಥ್ಯಗಳಿವೆ. ನಿಂಬೆರಸ, ಹುಣಸೆ ನೀರು, ಆಸಿಡ್ ಬಿದ್ದರೆ ಕಲೆ ಉಳಿಯುತ್ತದೆ, ಹುಳಿಗೂ ಸುಣ್ಣಕ್ಕೂ ಆಗಿಬರುವುದಿಲ್ಲ. ಒಣಗಿದ್ದಾಗ ಕಾಲು ಚೆನ್ನಾಗಿ ನಿಲ್ಲುತ್ತದೆ. ನೀರು, ಸೋಪು, ಎಣ್ಣೆ ಬಿದ್ದರೆ ಇವೂ ಜಾರುತ್ತವೆ. ಆದ್ದರಿಂದ ಬಚ್ಚಲು, ಬಟ್ಟೆ ಒಗೆಯುವ ಜಾಗ, ಮೆಟ್ಟಿಲುಗಳಿಗೆ ಹೊಳಪು ಬೇಡ, ಒರಟಾಗಿಯೇ ಇರಲಿ. ನಾವು ಬಚ್ಚಲನ್ನು ಹಾಗೆಯೇ ಬಿಟ್ಟು, ಗೋಡೆಗೆ ಹಿಡಿಕೆ ಹಾಕಿಸಿದೆವು.

ಲೆಕ್ಕ ಬರೆದೇ ಜೀವನ ಕಳೆದವನು ನಾನು. ನೆಲ ಹಾಕಿಸುವಾಗ ಚದರ ಅಡಿಗೆ ಇಷ್ಟು, ಕೂಲಿ ಇಷ್ಟು, ಸಾಗಾಣಿಕೆ ಇಷ್ಟು ಎಂದು ಎಲ್ಲರೂ ಬರೆಯುತ್ತಾರೆ. ಬಿದ್ದವರ ಖರ್ಚು ಎಂಬ ಸಾಲನ್ನು ಯಾರೂ ಬರೆಯುವುದಿಲ್ಲ. ಆ ಸಾಲಿನಲ್ಲಿ ಆಸ್ಪತ್ರೆಯ ಬಿಲ್ಲಿನ ಜೊತೆಗೆ, ಬಿದ್ದ ಮೇಲೆ ಒಬ್ಬರೇ ಬಚ್ಚಲಿಗೆ ಹೋಗಲೂ ಹೆದರುವ ಅಜ್ಜಿಯ ದಿನಗಳನ್ನೂ ಸೇರಿಸಬೇಕು.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ಒದ್ದೆ ಜಾಗವಿದ್ದರೆ ಈ ಭಾನುವಾರ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ. ಯಾರೂ ಅದರ ಮೇಲೆ ಕಾಲಿಡದಂತೆ ನಡುವೆ ಒಂದು ಕುರ್ಚಿ ಇಡಿ. ಹಾಗೆಯೇ ಅಜ್ಜ ಅಜ್ಜಿಯರನ್ನು, "ಈ ಮನೆಯಲ್ಲಿ ಕಾಲಿಡಲು ಹೆದರಿಕೆಯಾಗುವ ಜಾಗ ಯಾವುದು?" ಎಂದು ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.