ಹರಳೆಣ್ಣೆ ಬಣ್ಣವಾಗುವ ಊರು

ಹರಳೆಣ್ಣೆ ಎಂದೊಡನೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಅಜ್ಜಿಯ ಕೈಯಲ್ಲಿ ಚಮಚ, ಅಮ್ಮನ ಹಿಡಿತದಲ್ಲಿ ಮಗು, ಅದರ ಹಿಂದೆಯೇ ರಂಪ! ಒಂದು ಕಾಲಕ್ಕೆ ಕನ್ನಡ ನಾಡಿನ ಮನೆಮನೆಯ ಕಥೆ ಇದು. ನೆತ್ತಿಗೆ ತಟ್ಟಲು, ತೊಗರಿಬೇಳೆಗೆ ಹುಳು ಬೀಳದಂತೆ ಸವರಲು, ಗಾಡಿಯ ಅಚ್ಚಿಗೆ ಹಾಕಲು ಅದೇ ಎಣ್ಣೆ. ಈ ಎಣ್ಣೆಯಿಂದ ಬಟ್ಟೆಯ ಮೇಲೆ ಚಿತ್ರ ಬರೆಯುವ ಬಣ್ಣವನ್ನೂ ಮಾಡುತ್ತಾರೆ ಎಂದರೆ ಮಾತ್ರ ಮಕ್ಕಳು ಮೂಗಿನಿಂದ ಕೈ ತೆಗೆದು ಕೇಳಿಯಾರು.

ಗುಜರಾತಿನ ಕಛ್ ಜಿಲ್ಲೆಯಲ್ಲಿ, ಭುಜ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ನಿರೋಣಾ ಎಂಬ ಹಳ್ಳಿಯಿದೆ. ಅಲ್ಲಿಯ ಖತ್ರಿ ಮನೆತನದವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಲೆಗೆ ‘ರೋಗನ್’ ಎಂದು ಹೆಸರು. ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಪಾರ್ಸಿ ಭಾಷೆಯಲ್ಲಿ ರೋಗನ್ ಎಂದರೆ ಎಣ್ಣೆ.

ಅಂಗಡಿಯಿಂದ ತಂದ ಹರಳೆಣ್ಣೆಗೆ ಬಣ್ಣದ ಪುಡಿ ಕಲಸಿ ಬಟ್ಟೆಗೆ ಬಳಿದರೆ ವಾರ ಕಳೆದರೂ ಅದು ಒಣಗದು. ಅದೇ, ಬಡಗಿಗಳು ಬಾಗಿಲಿಗೆ ಹಚ್ಚುವ ಅಗಸೆಯೆಣ್ಣೆ ಕೆಲವು ದಿನಗಳಲ್ಲಿ ಗಟ್ಟಿ ಪದರವಾಗುತ್ತದೆ. ಏಕೆ? ಎಣ್ಣೆ ಒಣಗುವುದು ನೀರು ಆರಿದಂತಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುವಿಗೆ ಅಣು ಕೈಹಿಡಿದು ಬಲೆಯಾಗುತ್ತದೆ. ಹೀಗೆ ಹಿಡಿದುಕೊಳ್ಳಲು ಒಂದೇ ಸರಪಳಿಯಲ್ಲಿ ಎರಡು ಮೂರು ಜೋಡಿಬಂಧಗಳಿದ್ದರೆ ಅನುಕೂಲ. ಅಗಸೆಯೆಣ್ಣೆಯಲ್ಲಿ ಅವು ಧಾರಾಳ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 90ರಷ್ಟು ರಿಸಿನೋಲಿಕ್ ಆಮ್ಲ. ಅದರ ಹದಿನೆಂಟು ಇಂಗಾಲದ ಸರಪಳಿಯಲ್ಲಿ ಜೋಡಿಬಂಧ ಒಂದೇ. ಆದರೆ ಹನ್ನೆರಡನೆಯ ಇಂಗಾಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿದೆ. ಎಣ್ಣೆಯನ್ನು ಬಹಳ ಕಾಯಿಸಿದರೆ ಆ ಗುಂಪು ನೀರಾಗಿ ಕಳಚಿ, ಅಲ್ಲಿ ಇನ್ನೊಂದು ಜೋಡಿಬಂಧ ಮೂಡುತ್ತದೆ. ಒಣಗದ ಎಣ್ಣೆ ಒಣಗುವ ಎಣ್ಣೆಯಾಗುತ್ತದೆ! ಬಣ್ಣದ ಕಾರ್ಖಾನೆಗಳು ವೇಗವರ್ಧಕ ಹಾಕಿ ಮಾಡುವುದೂ ಇದನ್ನೇ.

ನಿರೋಣಾದಲ್ಲಿ ವೇಗವರ್ಧಕವೂ ಇಲ್ಲ, ಉಷ್ಣಮಾಪಕವೂ ಇಲ್ಲ. ಬಯಲಿನಲ್ಲಿ ಒಲೆ ಹೂಡಿ ಎಣ್ಣೆಯನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಹೊಗೆ, ಘಾಟು, ಬೆಂಕಿ ಹೊತ್ತಿಕೊಳ್ಳುವ ಭಯ. (ಅಡುಗೆಮನೆಯಲ್ಲಿ ಯಾರೂ ಈ ಪ್ರಯೋಗಕ್ಕೆ ಕೈಹಾಕಬಾರದು. ಉರಿಯುವ ಎಣ್ಣೆಗೆ ನೀರು ಬಿದ್ದರೆ ಜ್ವಾಲೆ ಸೂರಿಗೇ ಚಿಮ್ಮುತ್ತದೆ.) ಬೇಗ ಇಳಿಸಿದರೆ ತೆಳುವಾಗಿ ಬಟ್ಟೆಯಲ್ಲಿ ಹರಡುತ್ತದೆ, ತಡವಾದರೆ ರಬ್ಬರಿನಂತಾಗಿ ಕೆಲಸಕ್ಕೆ ಬಾರದು. ಆ ನಡುವಿನ ಗಳಿಗೆಯನ್ನು ಹೇಳುವುದು ಗಡಿಯಾರವಲ್ಲ, ಕಲಕುವ ಕೈ. ಬೆಲ್ಲದ ಪಾಕ ನೋಡುವ ಅಮ್ಮಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತಣ್ಣೀರಿಗೆ ಸುರಿದಾಗ ಸಿಗುವ ಮಂದವಾದ ಅಂಟಿಗೆ ಖನಿಜದ ಬಣ್ಣ ಅರೆದು ಸೇರಿಸುತ್ತಾರೆ. ಒಣಗದಿರಲೆಂದು ಮಡಕೆಯಲ್ಲಿ ನೀರಿನಡಿ ಇಡುತ್ತಾರೆ.

ಬರೆಯುವ ರೀತಿ ಇನ್ನೂ ಸೋಜಿಗ. ಎಡಗೈ ಅಂಗೈಯಲ್ಲಿ ಚೂರು ಬಣ್ಣ ಇಟ್ಟು ಲೋಹದ ಕಡ್ಡಿಯಿಂದ ತಿಕ್ಕುತ್ತಾರೆ. ಮೈಶಾಖಕ್ಕೆ ಅದು ಮೆತ್ತಗಾಗುತ್ತದೆ. ಕಡ್ಡಿ ಎತ್ತಿದರೆ ಜೇನಿನಂತೆ ಎಳೆ ಬರುತ್ತದೆ. ಆ ಎಳೆಯನ್ನೇ ಬಟ್ಟೆಯ ಮೇಲೆ ಬಿಡುತ್ತ ಹೋಗಬೇಕು. ಕಡ್ಡಿ ಬಟ್ಟೆಗೆ ತಾಗುವುದೇ ಇಲ್ಲ. ಅಚ್ಚಿಲ್ಲ, ಕೊರೆದ ಹಾಳೆಯಿಲ್ಲ. ಅರ್ಧ ಚಿತ್ರ ಬರೆದು ಬಟ್ಟೆ ಮಡಿಸಿ ಒತ್ತಿದರೆ ಉಳಿದರ್ಧ ಕನ್ನಡಿಯ ಬಿಂಬದಂತೆ ಮೂಡುತ್ತದೆ.

ಹಿಂದೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಮದುವೆಯ ಲಂಗಕ್ಕೆ, ಹಾಸಿಗೆಯ ಹೊದಿಕೆಗೆ ಈ ಕೆಲಸ ಬೇಕಿತ್ತು. ಗಿರಣಿಯ ಅಗ್ಗದ ಬಟ್ಟೆ ಬಂದ ಮೇಲೆ ಕೇಳುವವರು ಕಡಿಮೆಯಾದರು. ಮನೆಯ ಹುಡುಗ ಅಬ್ದುಲ್ ಗಫೂರ್ ಖತ್ರಿ ಕೆಲಸ ಹುಡುಕಿಕೊಂಡು ದೊಡ್ಡ ಊರಿಗೆ ಹೋದರು. 1980ರ ದಶಕದಲ್ಲಿ, ಕಲೆ ತಮ್ಮೊಂದಿಗೇ ಮುಗಿಯಬಾರದೆಂದು ಹಿರಿಯರು ಕರೆದಾಗ ಮರಳಿ ಬಂದು ಕಲಿತರು. ಕೈಯಲ್ಲಿದ್ದ ದುಡಿಮೆ ಬಿಟ್ಟು ಗಿರಾಕಿಯಿಲ್ಲದ ವಿದ್ಯೆಗೆ ಮರಳುವುದನ್ನು ಯಾವ ತಂದೆ ತಾಯಿ ಮೆಚ್ಚಿಯಾರು? ಇಲ್ಲಿ ಮನೆಯವರೇ ಕರೆದರು. 2014ರಲ್ಲಿ ಪ್ರಧಾನಿ ನರೇಂದ್ರ ಮೋದಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರಿಗೆ ರೋಗನ್ ಚಿತ್ರ ಕೊಟ್ಟರು; 2019ರಲ್ಲಿ ಅಬ್ದುಲ್ ಗಫೂರ್ ಅವರಿಗೆ ಪದ್ಮಶ್ರೀ ಬಂತು.

ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಪದ್ಧತಿ ಇರಲಿಲ್ಲ. ಮದುವೆಯಾಗಿ ಹೋದವಳ ಜೊತೆ ಮನೆತನದ ಗುಟ್ಟೂ ಹೋದೀತೆಂಬ ಲೆಕ್ಕ. 2010ರ ಸುಮಾರಿಗೆ ಆ ಕಟ್ಟು ಸಡಿಲವಾಯಿತು. ಹಳ್ಳಿಯ ಹುಡುಗಿಯರೂ ಅಂಗೈ ಮೇಲೆ ಬಣ್ಣ ತಿಕ್ಕಲು ಕುಳಿತರು. ಆದರೆ ಎಳೆ ಬಿಡುವುದು ಒಂದು ವಿದ್ಯೆ, ಎಣ್ಣೆ ಕುದಿಸುವುದು ಇನ್ನೊಂದು. ಕಡ್ಡಿ ಹಿಡಿದವಳಿಗೆ ಒಲೆಯ ಹದವೂ ಗೊತ್ತಿದ್ದರೆ, ಗಂಡನ ಊರಿನಲ್ಲಿ ಮಡಕೆಯ ಬಣ್ಣ ಮುಗಿದಾಗ ತವರಿಗೆ ಹೇಳಿಕಳಿಸಬೇಕಾಗಿಲ್ಲ. ಹರಳು ಗಿಡ ಗುಜರಾತಿನ ಯಾವ ಊರಿನ ಹೊಲದಲ್ಲೂ ಬೆಳೆದೀತು.